ಬಲಕೋಣೆಯ ಇನ್ನೂರು ಗ್ರಾಂ

ಒಂದೇ ಅಕ್ಷರದ ಹೆಸರಿರುವ ಯಾವುದನ್ನೂ ನಂಬಬಾರದು ಎಂದು ನನ್ನ ಅತ್ತೆ ಮೊದಲ ದಿನವೇ ಹೇಳಿದ್ದರು.

"ಆರ್ ಅಂದ್ರೆ ಏನೇ ಅದು? ಉಳಿದ ಅಕ್ಷರ ಎಲ್ಲ ಯಾರು ನುಂಗಿದ್ರು?"

"ಅದು ಕಂಪ್ಯೂಟರ್ ಭಾಷೆ ಅತ್ತೆ. ಅಂಕಿಅಂಶದ ಲೆಕ್ಕ ಮಾಡೋಕೆ."

"ಲೆಕ್ಕಕ್ಕೆ ಭಾಷೆ ಯಾಕೆ? ಬೆರಳಿಲ್ವಾ ನಿನಗೆ?"

ಒಳಗೊಳಗೇ ನನಗೂ ಅದೇ ಅನುಮಾನವಿತ್ತು. ಆಸ್ಪತ್ರೆಯ ಎಳೆಗೂಸುಗಳ ವಾರ್ಡಿನಲ್ಲಿ ದಾಖಲೆ ಬರೆಯುವ ಕೆಲಸ ನನ್ನದು. ಹನ್ನೊಂದು ವರ್ಷ ಬೆರಳು, ಪೆನ್ಸಿಲ್ಲು, ಉದ್ದನೆಯ ರಿಜಿಸ್ಟರು ಇವುಗಳಲ್ಲೇ ಕಳೆದಿದ್ದೇನೆ. ತಿಂಗಳಿಗೊಮ್ಮೆ ಅಂಕಿಅಂಶದವರೊಬ್ಬರು ಬಂದು ನನ್ನ ರಿಜಿಸ್ಟರಿನಿಂದ ಪಟ್ಟಿ, ಚಿತ್ರ ಎಲ್ಲ ತೆಗೆದುಕೊಡುತ್ತಿದ್ದರು. ಅವರು ನಿವೃತ್ತರಾದರು. ಮುಖ್ಯ ವೈದ್ಯೆ, ನಾವೆಲ್ಲ ಡಾಕ್ಟರಮ್ಮ ಎನ್ನುವವರು, ನನ್ನನ್ನು ಕರೆದು, "ಇದನ್ನ ಕಲೀತೀರಾ, ಇಲ್ಲ ಹೊರಗಿನವರಿಗೆ ಕೊಡ್ಲಾ?" ಎಂದು ಕೇಳಿದರು. ಹೊರಗಿನವರಿಗೆ ಕೊಟ್ಟರೆ ನಾಳೆ ನನ್ನ ಕುರ್ಚಿಯನ್ನೂ ಅವರಿಗೇ ಕೊಡುತ್ತಾರೆ ಎಂದು ಹೆದರಿ, "ಕಲೀತೀನಿ ಮೇಡಂ" ಅಂದೆ.

ಕಲಿಸುವ ಭಾರ ಮಗಳ ಮೇಲೆ ಬಿತ್ತು. ಅವಳ ಕಾಲೇಜಿನಲ್ಲಿ ಇದೇ ಪಾಠ. ಅಡುಗೆಮನೆಯ ಮೇಜಿನ ಮೇಲೆ ಅವಳ ಲ್ಯಾಪ್‌ಟಾಪು, ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ. ಅದು ನಲವತ್ತೆರಡು ನಿಮಿಷ ಸುತ್ತುತ್ತದೆ. ಅಷ್ಟು ಹೊತ್ತು ನನ್ನ ಪಾಠ. ಯಂತ್ರ ಕೂಗಿದ ಕೂಡಲೇ ನಾನು ಮತ್ತೆ ಮನೆಯವಳು.

ಮೊದಲ ದಿನ ಪರದೆಯ ಮೇಲೆ ಬಾಣದ ತುದಿಯಂಥ ಒಂದು ಗುರುತು ಮಾತ್ರ ಇತ್ತು. ಅದರ ಮುಂದೆ ಒಂದು ಗೀಟು ಮಿಟುಕುತ್ತಿತ್ತು.

"ಏನು ಮಾಡ್ತಿದೆ ಇದು?"

"ನೀನು ಏನಾದ್ರೂ ಹೇಳಲಿ ಅಂತ ಕಾಯ್ತಿದೆ ಅಮ್ಮ."

"ನಾನು ಏನೂ ಹೇಳದಿದ್ರೆ?"

"ಸಾಯೋತನಕ ಕಾಯುತ್ತೆ."

ಅಷ್ಟು ತಾಳ್ಮೆ ಇರುವವರ ಮುಂದೆ ನಾನು ಹುಷಾರಾಗಿರುತ್ತೇನೆ. ತಾನಾಗಿ ಏನೂ ಮಾತಾಡದೆ ಎದುರಿನವರ ಬಾಯಿ ನೋಡುತ್ತ ಕೂರುವವರ ಮನಸ್ಸಿನಲ್ಲಿ ಏನಿರುತ್ತದೋ ಯಾರಿಗೆ ಗೊತ್ತು. ಎರಡು, ನಾಲ್ಕು, ಒಂಬತ್ತು ಎಂಬ ಮೂರು ಅಂಕಿ ಕೊಟ್ಟು ಸರಾಸರಿ ಕೇಳು ಎಂದಳು ಮಗಳು. ಸರಾಸರಿಗೆ ಅದರ ಭಾಷೆಯಲ್ಲಿ 'ಮೀನ್' ಎನ್ನಬೇಕಂತೆ. ಐದು ಎಂದಿತು. ಲ್ಯಾಪ್‌ಟಾಪಿಗೆ ಕಾಣದ ಹಾಗೆ ಕೈಯನ್ನು ಮೇಜಿನ ಕೆಳಗಿಟ್ಟು ಬೆರಳು ಮಡಿಸಿ ಎಣಿಸಿದೆ. ಐದೇ.

"ಮೀನು ಹಿಡಿಯೋಕೆ ಇಷ್ಟು ಹೊತ್ತು ಕೂತಿದ್ದೀಯಲ್ಲೇ," ಎಂದರು ಅತ್ತೆ, ಬೀನ್ಸಿನ ನಾರು ತೆಗೆಯುತ್ತ. "ಸಿಕ್ತಾ ಒಂದಾದ್ರೂ?"

ಎರಡನೆಯ ವಾರ, ತೆರೆದ ಆವರಣ, ಅಂದರೆ ಬ್ರ್ಯಾಕೆಟ್ಟು, ಮುಚ್ಚುವುದು ಮರೆತೆ. ಬಾಣದ ತುದಿ ಹೋಗಿ ಅಲ್ಲಿ ಒಂದು ಕೂಡುವ ಚಿಹ್ನೆ ಬಂತು. ಏನು ಒತ್ತಿದರೂ ಮತ್ತೊಂದು ಕೂಡುವ ಚಿಹ್ನೆ. ನಾನು ಕೂಡಿಸು ಎಂದು ಹೇಳಿಯೇ ಇರಲಿಲ್ಲ. ಮಗಳು ಬರುವವರೆಗೆ ಅದು ಹನ್ನೆರಡು ಸಾಲು ಕೂಡಿಸುತ್ತಲೇ ಹೋಗಿತ್ತು. ಇನ್ನೊಂದು ದಿನ, ಇಂಗ್ಲಿಷ್ ಅಕ್ಷರದಲ್ಲಿ 'ತೂಕ' ಎಂದು ನಾನೇ ಇಟ್ಟ ಹೆಸರನ್ನು ಕರೆದರೆ, ಆ ಹೆಸರಿನವರು ಯಾರೂ ಇಲ್ಲ ಎಂದು ಕೆಂಪಕ್ಷರದಲ್ಲಿ ಬರೆಯಿತು. ಮೊದಲ ಅಕ್ಷರವನ್ನು ದೊಡ್ಡದಾಗಿ ಒತ್ತಿದ್ದೆನಂತೆ.

"ಅಷ್ಟಕ್ಕೇ ಗುರುತು ಹಿಡಿಯಲ್ವಾ? ನೀನು ತಲೆಗೆ ಎಣ್ಣೆ ಹಚ್ಕೊಂಡು ಬಂದ್ರೂ ನಿನ್ನ ಗುರುತು ನನಗೆ ಸಿಗುತ್ತಪ್ಪ."

"ಅದು ನಿನ್ನ ಹೆತ್ತಿಲ್ಲ ಅಮ್ಮ," ಎಂದು ಮಗಳು ನಕ್ಕಳು.

ಒಂದು ವಿಷಯದಲ್ಲಿ ಮಾತ್ರ ಅದರ ಮೇಲೆ ಸ್ವಲ್ಪ ವಿಶ್ವಾಸ ಬಂತು. ಒಂದು ದಿನದ ತೂಕ ಬರೆಯದೆ ಖಾಲಿ ಬಿಟ್ಟಿದ್ದರೆ ಅದು ಇಡೀ ಸರಾಸರಿಯನ್ನೇ ಕೊಡುವುದಿಲ್ಲ. ಗೊತ್ತಿಲ್ಲ ಎನ್ನುತ್ತದೆ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವವರನ್ನು ನಮ್ಮ ಆಸ್ಪತ್ರೆಯಲ್ಲಿ ನಾನು ಅಷ್ಟಾಗಿ ಕಂಡಿಲ್ಲ.

ನಮ್ಮ ವಾರ್ಡಿನ ಬಗ್ಗೆ ಹೇಳಬೇಕು. ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳು ಅಲ್ಲಿರುತ್ತವೆ. ಎಡಕೋಣೆಯಲ್ಲಿ ಹತ್ತು ತೊಟ್ಟಿಲು, ಬಲಕೋಣೆಯಲ್ಲಿ ಹತ್ತು. ಎರಡು ಕಿಲೋ ದಾಟಿ ಎರಡು ದಿನ ಹಾಗೇ ನಿಂತರೆ ಮಗು ಮನೆಗೆ. ಅಲ್ಲಿಯವರೆಗೆ ತಾಯಿಯೂ ಅಲ್ಲೇ, ಒಂದು ಕಿರಿದಾದ ಮಂಚದ ಮೇಲೆ. ಯಾರು ಮನೆಗೆ ಹೋಗಬೇಕು ಎನ್ನುವುದನ್ನು ಡಾಕ್ಟರಮ್ಮ ನಾನು ಕೊಡುವ ಹಾಳೆ ನೋಡಿ ಹೇಳುತ್ತಾರೆ.

ಬೆಳಿಗ್ಗೆ ದಾದಿಯರು ಮಕ್ಕಳನ್ನು ತೂಗಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಬರಿಮೈಯಲ್ಲಿ ಇಟ್ಟರೆ ತಕ್ಕಡಿಯ ತಂಪಿಗೆ ಮಗು ಬೆಚ್ಚಿಬೀಳುತ್ತದೆಂದು ದಪ್ಪ ಬಟ್ಟೆಯಲ್ಲಿ ಸುತ್ತಿಯೇ ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದ ಕ್ರಮ. ಆ ಬಟ್ಟೆ ಇನ್ನೂರು ಗ್ರಾಂ. ದಾದಿ ತಕ್ಕಡಿ ತೋರಿಸಿದ್ದನ್ನು ಬರೆಯುತ್ತಾಳೆ, ನಾನು ಇನ್ನೂರು ಕಳೆಯುತ್ತೇನೆ. ಹನ್ನೊಂದು ವರ್ಷ ಹೀಗೆ ಕಳೆದು ಕಳೆದು, ಸಾವಿರದ ಎಂಟುನೂರು ಎಂದು ಕಂಡರೆ ನನ್ನ ಕೈ ತಾನಾಗಿ ಸಾವಿರದ ಆರುನೂರು ಎಂದು ಬರೆಯುತ್ತಿತ್ತು. ಆರ್ ಕಲಿತ ಮೇಲೆ ಅದೂ ಬೇಡವಾಯಿತು. ಒಂದೇ ಒಂದು ಸಾಲು. ಇಡೀ ತಿಂಗಳ ತೂಕದಿಂದ ಇನ್ನೂರನ್ನು ಒಂದು ಏಟಿಗೆ ಕಳೆದು ಕೊಡುತ್ತಿತ್ತು. ಆ ಸಾಲನ್ನು ನಾನು ಯಾರ ಸಹಾಯವೂ ಇಲ್ಲದೆ ಬರೆದಿದ್ದೆ. ಮಗಳಿಗೆ ಎರಡು ಸಲ ತೋರಿಸಿದೆ.

ಎಡಕೋಣೆ ದೊಡ್ಡ ಸಿಸ್ಟರದು. ಮೂವತ್ತು ವರ್ಷದ ಸರ್ವೀಸು, ಕೈಗೆ ಬಂದ ಮಗುವನ್ನೆಲ್ಲ "ನನ್ನ ರಾಜ" ಎನ್ನುವವರು, ಹೆಣ್ಣು ಮಗುವಾದರೂ. ಬಲಕೋಣೆಗೆ ಮೂರು ತಿಂಗಳ ಹಿಂದೆ ಹೊಸಬಳೊಬ್ಬಳು ಬಂದಿದ್ದಳು. ನಡೆದರೆ ಸರಸರ, ಬರೆದರೆ ಸರಸರ, ಒಂದು ಮಾತಿಗೆ ಅರ್ಧ ಉತ್ತರ. ನಾವು ಅವಳಿಗೆ ಸರಸರ ಸಿಸ್ಟರ್ ಎಂದೇ ಹೆಸರಿಟ್ಟೆವು. ಈ ಮೂರು ತಿಂಗಳು ಪರೀಕ್ಷೆಯ ಅವಧಿ. ತಿಂಗಳ ಕೊನೆಯ ಶುಕ್ರವಾರ ಅವಳನ್ನು ಕಾಯಂ ಮಾಡುವುದೋ ಕಳಿಸುವುದೋ ತೀರ್ಮಾನ.

ಅವಳು ನನಗೆ ಮೊದಲಿನಿಂದಲೂ ಸರಿಹೋಗಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನೀಲಿ ಚೀಲವೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಟ್ಟೆ ಇಡುವ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಕಾಲು ಗಂಟೆ ಬಿಟ್ಟು ಹೊರಗೆ ಬಂದು, ವಾರ್ಡಿನ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಕಾಗದ ಸುತ್ತಿದ ಸೀಸೆ ಇಡುತ್ತಿದ್ದಳು. ಆ ಫ್ರಿಜ್ಜಿನಲ್ಲಿ ಇರುವುದು ತಾಯಂದಿರು ಹಿಂಡಿಕೊಟ್ಟ, ಮಕ್ಕಳ ಹಾಲು. ಸಂಜೆ ಆ ಸೀಸೆ ನೀಲಿ ಚೀಲದಲ್ಲಿ ಮನೆಗೆ ಹೋಗುತ್ತಿತ್ತು. ಒಂದು ದಿನ ಕಾಗದ ಸರಿದಿದ್ದಾಗ ನೋಡಿದೆ. ಹಾಲೇ.

ದೊಡ್ಡ ಸಿಸ್ಟರ ಕಿವಿಗೆ ಹಾಕಿದೆ.

"ಕಣ್ಣಾರೆ ಕಂಡ್ಯಾ?"

"ಕಂಡೆ."

"ಮಕ್ಕಳ ಬಾಯಿಂದ ಕಿತ್ಕೊಳ್ಳೋದಾ ಕಣಮ್ಮ? ಛೆ, ಇರಲಾರದು." ಮರುಗಳಿಗೆ ಅವರೇ, "ಬಲಕೋಣೆ ಮಕ್ಕಳು ಯಾಕೋ ಬೇಗ ಮನೆಗೆ ಹೋಗ್ತಾನೇ ಇಲ್ಲ, ನೋಡಿದ್ಯಾ?" ಎಂದರು.

ನೋಡಿದ್ದೆ. ಅಂದಿನಿಂದ ಮತ್ತೂ ನೋಡತೊಡಗಿದೆ.

ಏಳನೇ ತೊಟ್ಟಿಲ ತಾಯಿ, ಇನ್ನೂ ಹುಡುಗಿಯಂತಿದ್ದವಳು, ನಾನು ಬಲಕೋಣೆಗೆ ಹೋದಾಗಲೆಲ್ಲ ಸೆರಗು ಹಿಡಿದು ನಿಲ್ಲಿಸುವಳು.

"ಅಕ್ಕಾ, ನಮ್ಮನ್ನ ಯಾವಾಗ ಬಿಡ್ತಾರೆ? ಇವನು ದಪ್ಪ ಆಗಿದ್ದಾನೆ. ಎತ್ಕೊಂಡ್ರೆ ನನ್ನ ಮೊಣಕೈಗೆ ಗೊತ್ತಾಗುತ್ತೆ."

"ಮೊಣಕೈ ತಕ್ಕಡಿ ಅಲ್ಲಮ್ಮ."

"ಮನೇಲಿ ದೊಡ್ಡವಳು ಇದ್ದಾಳೆ ಅಕ್ಕ, ಎರಡೂವರೆ ವರ್ಷ. ನಾನಿಲ್ಲದೆ ಅನ್ನ ತಿಂತಿಲ್ವಂತೆ."

"ಇನ್ನೂ ಇನ್ನೂರು ಗ್ರಾಂ ಬರಬೇಕು. ತಾಳ್ಮೆ ಇರಲಿ." ನಾನೂ ಹೆತ್ತವಳು, ಪಾಪ ಅನ್ನಿಸಿತು. ಅನ್ನಿಸಿದ ಪಾಪವೆಲ್ಲ ಸರಸರ ಸಿಸ್ಟರ ಮೇಲಿನ ಸಿಟ್ಟಾಯಿತು.

ಹಾಗಾಗಿ, ಮಗಳು ಚಿತ್ರ ತೆಗೆಯುವುದನ್ನು ಹೇಳಿಕೊಟ್ಟ ವಾರ, ನಾನು ತೆಗೆದ ಮೊಟ್ಟಮೊದಲ ಚಿತ್ರ ಬಲಕೋಣೆಯದು. ಎರಡು ಕಂಬಗಳು. ಎಡಕೋಣೆಯ ಮಕ್ಕಳ ಹತ್ತನೇ ದಿನದ ಸರಾಸರಿ ತೂಕ ಸಾವಿರದ ಏಳುನೂರ ನಲವತ್ತು. ಬಲಕೋಣೆಯದು ಸಾವಿರದ ಐನೂರ ಮೂವತ್ತೆಂಟು. ಹುಟ್ಟಿದಾಗ ಹೆರಿಗೆ ಕೋಣೆಯವರು ತೂಗಿ ಕಳಿಸಿದ ತೂಕ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಒಂದೇ ಸಮ ಬಂದ ಮಕ್ಕಳು, ಒಂದು ಕೋಣೆಯಲ್ಲಿ ಬೆಳೆಯುತ್ತವೆ, ಇನ್ನೊಂದರಲ್ಲಿ ಬಡವಾಗುತ್ತವೆ. ಸಾಲುಗಳನ್ನು ಮೊದಲಿನಿಂದ ಮತ್ತೆ ಓಡಿಸಿ ನೋಡಿದೆ. ಒಳಗೊಳಗೆ ಸಂತೋಷವೂ ಆಯಿತು ಎನ್ನುವುದನ್ನು ಮುಚ್ಚಿಡಲಾರೆ. ನಾನು ಕಂಡುಹಿಡಿದಿದ್ದೆ, ಅದೂ ನನ್ನದೇ ಸಾಲುಗಳಿಂದ.

ಚಿತ್ರವನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದನ್ನ ನೀವೇ ತೆಗೆದ್ರಾ?"

"ಹೌದು ಮೇಡಂ."

"ಸರಿಯಾಗಿದೆಯಾ?"

"ಮೂರು ಸಲ ನೋಡಿದ್ದೀನಿ." ಅಲ್ಲಿಗೆ ಸುಮ್ಮನಿರಬಹುದಿತ್ತು. "ಫ್ರಿಜ್ಜಿನ ಹಾಲಿಂದೂ ಸ್ವಲ್ಪ... ನಾನು ಯಾಕೆ ಹೇಳಲಿ ಬಿಡಿ," ಎಂದು ಅರ್ಧ ಮಾತು ಆಡಿ, ಉಳಿದ ಅರ್ಧವನ್ನು ಅವರ ಊಹೆಗೆ ಬಿಟ್ಟೆ.

ಮರುದಿನ ಬೆಳಿಗ್ಗೆ ವಾರ್ಡಿಗೆಲ್ಲ ಗೊತ್ತಾಗಿತ್ತು. ಸರಸರ ಸಿಸ್ಟರನ್ನು ಕಾಯಂ ಮಾಡುವುದಿಲ್ಲ. ಶುಕ್ರವಾರ ಕರೆದು ಹೇಳುತ್ತಾರೆ. ಅವಳಿಗೂ ಗೊತ್ತಾಗಿರಬೇಕು. ಆ ದಿನ ಅವಳು ಸರಸರ ನಡೆಯಲಿಲ್ಲ.

ಶುಕ್ರವಾರಕ್ಕೆ ಮೂರು ದಿನ ಇತ್ತು. ಡಾಕ್ಟರಮ್ಮ ಮೇಲಿನವರಿಗೆ ಕೊಡಲು ಇನ್ನಷ್ಟು ವಿವರ ಬೇಕೆಂದರು. ಒಂದು ಸರಾಸರಿ ಸಾಲದು, ದಿನದಿಂದ ದಿನಕ್ಕೆ ಮಕ್ಕಳು ಹೇಗೆ ಸೊರಗಿವೆ ಎಂದು ತೋರಿಸಬೇಕು. ಮಗಳನ್ನು ಕೇಳಿದೆ.

"ಒಂದೊಂದು ಮಗುವಿಗೂ ಒಂದೊಂದು ಗೆರೆ ಎಳಿ ಅಮ್ಮ. ಅದನ್ನ ಮೊದಲು ಮಾಡಿ ಆಮೇಲೆ ಸರಾಸರಿ ತೆಗೀಬೇಕಿತ್ತು. ನಮ್ಮ ಮೇಷ್ಟ್ರು ಸರಾಸರಿ ಮಾತ್ರ ತಂದವರನ್ನ ಹೊರಗೆ ನಿಲ್ಲಿಸ್ತಾರೆ."

"ನಿಮ್ಮ ಮೇಷ್ಟ್ರಿಗೆ ಬೇರೆ ಕೆಲಸ ಇಲ್ಲ," ಎಂದು ಕೂತೆ. ಯಂತ್ರದಲ್ಲಿ ಹಾಸಿಗೆ ಬಟ್ಟೆ ತಿರುಗುತ್ತಿತ್ತು.

ಎಡಕೋಣೆಯ ಮಕ್ಕಳಿಗೆ ಹಸಿರು, ಬಲಕೋಣೆಯವಕ್ಕೆ ಕೆಂಪು. ಗೆರೆಗಳು ಬಂದವು. ಎಲ್ಲ ಮಕ್ಕಳೂ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು ಆಮೇಲೆ ಏರುತ್ತವೆ. ಹಸಿರು ಗೆರೆಗಳು ಹಾಗೇ ಏರಿದ್ದವು. ಕೆಂಪು ಗೆರೆಗಳು ಮಲಗಿರುತ್ತವೆ, ಇಲ್ಲವೇ ತೆವಳುತ್ತಿರುತ್ತವೆ ಎಂದುಕೊಂಡಿದ್ದೆ. ಅವೂ ಏರಿದ್ದವು. ಅದೇ ಓರೆ, ಅದೇ ವೇಗ. ದಿನಕ್ಕೆ ಹಸಿರಿಗೆ ಮೂವತ್ತು ಗ್ರಾಂ, ಕೆಂಪಿಗೂ ಮೂವತ್ತು. ಒಂದೇ ವ್ಯತ್ಯಾಸ, ಕೆಂಪು ಗೆರೆಗಳೆಲ್ಲ ವಾರ್ಡಿಗೆ ಬಂದ ಮೊದಲ ದಿನವೇ ಧೊಪ್ಪನೆ ಕೆಳಗೆ ಬಿದ್ದು, ಅಲ್ಲಿಂದ ಹಸಿರಿನ ಕೆಳಗೆ ಜೊತೆಜೊತೆಯಾಗಿ ನಡೆದಿದ್ದವು.

ಹಾಲು ಕಸಿದುಕೊಂಡ ಮಗು ದಿನಕ್ಕೆ ಮೂವತ್ತು ಗ್ರಾಂ ಹೇಗೆ ಏರುತ್ತದೆ?

ಮೊದಲು ಆರ್ ಮೇಲೆ ಅನುಮಾನ ಬಂತು. ಮಗಳ ಹಳೆಯ ಗ್ರಾಫ್ ಪುಸ್ತಕ ತೆಗೆದು ಎರಡು ಮಕ್ಕಳ ತೂಕವನ್ನು ಪೆನ್ಸಿಲಿನಲ್ಲಿ ಗುರುತಿಸಿದೆ. ಅದೇ ಬಂತು. ಆಮೇಲೆ ಸರಸರ ಸಿಸ್ಟರ ಮೇಲೆ. ಅವಳು ತೂಗುತ್ತಲೇ ಇಲ್ಲ, ನಿನ್ನೆಯದಕ್ಕೆ ಮೂವತ್ತು ಸೇರಿಸಿ ಸರಸರ ಬರೆದುಬಿಡುತ್ತಾಳೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಟ್ಟೆ ಹಿಂಡುವ ಸದ್ದು ನಿಂತು ಯಂತ್ರ ಕೂಗಿಕೊಂಡದ್ದೂ ನನಗೆ ಕೇಳಿಸಲಿಲ್ಲ.

"ನಿನ್ನ ಮೀನು ಹಾಳಾಗ್ಲಿ, ಬಟ್ಟೆ ಮುಗ್ಗಲು ಹಿಡಿಯುತ್ತೆ ಎದ್ದೇಳೇ," ಎಂದರು ಅತ್ತೆ.

ಗುರುವಾರ ಒಂದು ಗಂಟೆ ಮುಂಚೆಯೇ ಆಸ್ಪತ್ರೆಗೆ ಹೋದೆ. ಬಲಕೋಣೆಯ ಬಾಗಿಲ ಮರೆಯಲ್ಲಿ ಹಾಳೆ ಜೋಡಿಸುವವಳಂತೆ ನಿಂತೆ. ಕದ್ದು ನೋಡುವ ಕೆಲಸ ನನಗೆ ಬರುವುದಿಲ್ಲ. ಅವಳು ತಲೆ ಎತ್ತದೆಯೇ, "ಒಳಗೆ ಬನ್ನಿ ಅಕ್ಕ, ಗಾಳಿ ಬರುತ್ತೆ, ಬಾಗಿಲು ಹಾಕಿ," ಎಂದಳು.

ಒಳಗೆ ಹೋದೆ. ಅವಳು ತಕ್ಕಡಿಯ ಮೇಲೆ ಒಂದು ದಪ್ಪ ಬಟ್ಟೆ ಹಾಸಿದಳು. ಬರಿಯ ಬಟ್ಟೆ. ಅಂಗೈ ಇಟ್ಟು ಬೆಚ್ಚಗಿದೆಯೇ ನೋಡಿದಳು. ಆಮೇಲೆ ತಕ್ಕಡಿಯ ಅಂಚಿನ ಒಂದು ಗುಂಡಿ ಒತ್ತಿದಳು. ಇನ್ನೂರು ಎಂದು ತೋರಿಸುತ್ತಿದ್ದುದು ಸೊನ್ನೆಯಾಯಿತು. ಮಗುವನ್ನು ಮೆತ್ತಗೆ ಮಲಗಿಸಿ ಅದೇ ಬಟ್ಟೆಯನ್ನು ಸುತ್ತಿ, ತೂಕ ನೋಡಿ ಸರಸರ ಬರೆದಳು.

"ಆ ಗುಂಡಿ ಯಾಕೆ ಒತ್ತಿದ್ರಿ?"

"ಬಟ್ಟೆ ತೂಕ ಹೋಗ್ಲಿ ಅಂತ." ನನ್ನನ್ನು ವಿಚಿತ್ರವಾಗಿ ನೋಡಿದಳು. "ಇಲ್ಲದಿದ್ರೆ ಬಟ್ಟೆನೂ ಸೇರುತ್ತಲ್ಲ ಅಕ್ಕ."

"ಯಾವಾಗಿಂದ ಹೀಗೆ?"

"ಬಂದಾಗಿಂದ. ಹಿಂದಿನ ಆಸ್ಪತ್ರೆಲೂ ಹೀಗೇ. ಯಾಕೆ, ಇಲ್ಲಿ ಬೇರೆ ಥರಾನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೆಗಲಿಗೇ ಹೋಯಿತೋ ಏನೋ. ಅವಳು ಬಟ್ಟೆಯ ತೂಕ ತೆಗೆದೇ ಬರೆಯುತ್ತಿದ್ದಳು. ಅದರಿಂದ ನಾನು ಮತ್ತೊಮ್ಮೆ ಇನ್ನೂರು ತೆಗೆಯುತ್ತಿದ್ದೆ. ಮೂರು ತಿಂಗಳು, ಬಲಕೋಣೆಯ ಪ್ರತಿ ಮಗುವಿನಿಂದ, ಪ್ರತಿ ದಿನ.

ಅಷ್ಟರಲ್ಲಿ ಏಳನೇ ತೊಟ್ಟಿಲ ತಾಯಿ ಮಗುವನ್ನು ಎತ್ತಿಕೊಂಡು ತಕ್ಕಡಿಯ ಹತ್ತಿರ ಬಂದಳು. ಎರಡು ಸಾವಿರದ ನೂರ ತೊಂಬತ್ತು. ಅವಳ ಮೊಣಕೈ ಸರಿಯಾಗೇ ಹೇಳಿತ್ತು.

ಹೋಗಬೇಕೆಂದು ತಿರುಗಿದವಳು ನಿಂತೆ. ಅನುಮಾನದ ಕೊನೆಯ ಎಳೆಯೊಂದು ಉಳಿದಿತ್ತು. "ಫ್ರಿಜ್ಜಿನಲ್ಲಿ ನೀವಿಡೋ ಸೀಸೆ..."

ಅವಳ ಮುಖ ಕೆಂಪಾಯಿತು. "ಅದು ನನ್ನದು ಅಕ್ಕ. ಮನೇಲಿ ಐದು ತಿಂಗಳ ಮಗು ಇದೆ. ನಮ್ಮಮ್ಮ ನೋಡ್ಕೋತಾರೆ. ಮಧ್ಯಾಹ್ನ ತುಂಬಿ ನೋವಾಗುತ್ತೆ, ಹಿಂಡಿ ಇಟ್ಕೋತೀನಿ. ಅಲ್ಲಿ ಇಡಬಾರದಿತ್ತಾ? ಯಾರನ್ನ ಕೇಳಬೇಕು ಅಂತ ಗೊತ್ತಾಗಲಿಲ್ಲ. ಪರೀಕ್ಷೆ ಅವಧಿ ಅಲ್ವಾ, ಎಳೆ ಮಗು ಇದೆ ಅಂತ ಗೊತ್ತಾದ್ರೆ ಎಲ್ಲಿ ಬೇಡ ಅಂತಾರೋ ಅಂತ..."

ನಾನು ಹಾಳೆಗಳನ್ನು ಎತ್ತಿಕೊಂಡು ಹೊರಗೆ ಬಂದೆ. ತಪ್ಪಾಯ್ತು ಎನ್ನುವುದಕ್ಕೂ ಮುಖ ಇರಬೇಕಲ್ಲ.

ಆ ಸಂಜೆ ಮನೆಯಲ್ಲಿ ಲ್ಯಾಪ್‌ಟಾಪು ತೆಗೆದು ನನ್ನ ಸಾಲನ್ನು ನೋಡುತ್ತ ಕೂತೆ. ತಿದ್ದುವುದು ಎಷ್ಟು ಸುಲಭ! ಎಡಕೋಣೆಯಾದರೆ ಮಾತ್ರ ಕಳೆ ಎಂದು ಸೇರಿಸಿದರಾಯಿತು. ಮಗಳು ತೋರಿಸಿದಳು, ಬರೆದೆ, ಕೆಂಪು ಗೆರೆಗಳೆಲ್ಲ ಮೇಲೆದ್ದು ಹಸಿರಿನ ಜೊತೆ ಬೆರೆತುಹೋದವು. ಯಾವುದು ಯಾರದೆಂದು ತಿಳಿಯದ ಹಾಗೆ.

"ಈಗ ಏನು ಮಾಡ್ತೀಯ ಅಮ್ಮ?" ಮಗಳು ಕೇಳಿದಳು.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. "ಮಾಡೋದೇನು? ಕಂಪ್ಯೂಟರ್ ತಪ್ಪು ಮಾಡ್ತು ಅನ್ನು. ಹೊಸದು, ಕಲೀತಾ ಇದ್ದೀನಿ ಅನ್ನು. ಅದರ ತಲೆ ಮೇಲೆ ಹಾಕು. ಅದಕ್ಕೇನು ಮಾನ ಹೋಗುತ್ತಾ, ಮರ್ಯಾದೆ ಹೋಗುತ್ತಾ? ಹುಡುಗಿ ಕೆಲಸ ಉಳಿಯುತ್ತೆ, ನಿನ್ನದೂ ಉಳಿಯುತ್ತೆ."

"ಅಜ್ಜಿ ಹೇಳಿದ್ರಲ್ಲೂ ಅರ್ಥ ಇದೆ," ಎಂದಳು ಮಗಳು, ನನ್ನ ಮುಖ ನೋಡದೆ.

ಅವಳು ಹಾಗೆ ಮುಖ ನೋಡದೆ ಹೇಳಿದ್ದು ನನಗೆ ಹಿಡಿಸಲಿಲ್ಲ. ಒಂದೊಂದು ಆವರಣ ಮುಚ್ಚುವುದನ್ನೂ ತಾಳ್ಮೆಯಿಂದ ಹೇಳಿಕೊಟ್ಟವಳು. ನಾನು ಆ ಭಾಷೆಯ ಮೇಲೆ ಸುಳ್ಳು ಹೊರಿಸಿದರೆ ಇವಳು ನನ್ನಿಂದ ಏನು ಕಲಿಯುತ್ತಾಳೆ? ಹಳೆಯ ರಿಜಿಸ್ಟರು ತೆಗೆದೆ. ಬಲಕೋಣೆಯಿಂದ ಮನೆಗೆ ಹೋದ ಒಂದೊಂದು ಮಗುವೂ ನಿಜವಾಗಿ ಎರಡು ಕಿಲೋ ದಾಟಿದ್ದು ಯಾವತ್ತು, ನಾವು ಬಿಟ್ಟದ್ದು ಯಾವತ್ತು ಎಂದು ಬೆರಳಿಟ್ಟು ಎಣಿಸಿದೆ. ಅದನ್ನು ಆರ್‌ಗೆ ಹೇಳಿ ಮಾಡಿಸುವಷ್ಟು ನಾನಿನ್ನೂ ಕಲಿತಿರಲಿಲ್ಲ. ಅನ್ನಕ್ಕೆ ಇಟ್ಟು ಎಣಿಸಿದೆ, ಪಾತ್ರೆ ತೊಳೆದು ಬಂದು ಎಣಿಸಿದೆ. ಇಪ್ಪತ್ತನಾಲ್ಕು ಮಕ್ಕಳು. ಒಟ್ಟು ನೂರ ಐವತ್ತೊಂದು ದಿನ.

ಶುಕ್ರವಾರ ಡಾಕ್ಟರಮ್ಮನ ಕೋಣೆಯಲ್ಲಿ ನಾಲ್ಕು ಕುರ್ಚಿ. ಡಾಕ್ಟರಮ್ಮ, ದೊಡ್ಡ ಸಿಸ್ಟರು, ನಾನು, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಸರಸರ ಸಿಸ್ಟರು. ಮೇಜಿನ ಮೇಲೆ ನಾನು ತೆಗೆದ ಎರಡು ಕಂಬದ ಚಿತ್ರ.

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. "ನೋಡಿ ಸಿಸ್ಟರ್, ಮೂರು ತಿಂಗಳು ಆಯ್ತು..."

"ಮೇಡಂ, ಮೊದಲು ನಾನು ಮಾತಾಡ್ತೀನಿ," ಎಂದೆ. "ಆ ಚಿತ್ರ ತಪ್ಪು."

"ಮೂರು ಸಲ ನೋಡಿದ್ದೀನಿ ಅಂದ್ರಿ."

"ಮೂರು ಸಲವೂ ಅದನ್ನೇ ನೋಡಿದೆ." ಬಟ್ಟೆಯ ವಿಷಯ, ಗುಂಡಿಯ ವಿಷಯ, ಎರಡು ಸಲ ಕಳೆದ ವಿಷಯ ಎಲ್ಲ ಹೇಳಿದೆ. ಗೆರೆಗಳ ಚಿತ್ರವನ್ನು ಮುಂದಿಟ್ಟೆ.

ದೊಡ್ಡ ಸಿಸ್ಟರು ಕುರ್ಚಿಯಲ್ಲಿ ಮಿಸುಕಿದರು. "ನಾವು ಮೊದಲಿಂದ ಬಟ್ಟೆ ಸಮೇತ ಬರೆಯೋದಲ್ವಾ. ಹೊಸದಾಗಿ ಬಂದವರು ಕೇಳಬೇಕಪ್ಪ."

ಆಗ ಸರಸರ ಸಿಸ್ಟರು ಮೊದಲ ಸಲ ಬಾಯಿ ತೆರೆದಳು. "ರಿಜಿಸ್ಟರಲ್ಲಿ 'ಮಗುವಿನ ತೂಕ' ಅಂತ ಇದೆ ಸಿಸ್ಟರ್. ಮಗುವಿನ ತೂಕ ಬರೆದೆ."

ಡಾಕ್ಟರಮ್ಮ ಗೆರೆಗಳ ಚಿತ್ರವನ್ನು ಕೈಗೆತ್ತಿಕೊಂಡರು. ಅವರಿಗೂ ಇದು ಬೇಗ ಮುಗಿದರೆ ಸಾಕಾಗಿತ್ತು ಅನ್ನಿಸುತ್ತದೆ. "ಹೊಸ ಪ್ರೋಗ್ರಾಂ ಅಲ್ವಾ. ಅದು ಹೀಗೆ ಮಾಡಿರಬೇಕು. ಶುರುವಿನಲ್ಲಿ ಇಂಥದ್ದೆಲ್ಲ ಆಗುತ್ತೆ."

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ನಾನು ತಲೆಯಾಡಿಸಿದರೆ ಸಾಕಿತ್ತು.

"ಇಲ್ಲ ಮೇಡಂ. ಅದು ಹೇಳಿದ್ದನ್ನ ಮಾಡ್ತು. ಹೇಳಿದವಳು ನಾನು. ಅದಕ್ಕಿಂತ ಮುಂಚೆ ಕೈಯಲ್ಲಿ ಬರೆಯೋವಾಗಲೂ ಇದೇ ತಪ್ಪು ಮಾಡಿದ್ದೀನಿ. ಇನ್ನೊಂದಿದೆ. ಹಾಲಿನ ವಿಷಯ ಅರ್ಧ ಹೇಳಿದ್ನಲ್ಲ, ಅದೂ ಸುಳ್ಳು. ಆ ಸೀಸೆಯಲ್ಲಿದ್ದದ್ದು ಈ ಸಿಸ್ಟರ ಎದೆಹಾಲು. ಅವರ ಮಗುವಿಗೆ." ಎಣಿಸಿದ್ದ ಹಾಳೆಯನ್ನು ಕೊಟ್ಟೆ. "ಬಲಕೋಣೆಯಲ್ಲಿ ಇಪ್ಪತ್ತನಾಲ್ಕು ಮಕ್ಕಳನ್ನ ಸುಮ್ಮನೆ ಇಟ್ಕೊಂಡಿದ್ದೀವಿ. ನೂರ ಐವತ್ತೊಂದು ದಿನ. ಏಳನೇ ತೊಟ್ಟಿಲು ಇವತ್ತೂ ಅಲ್ಲೇ ಇದೆ."

ಡಾಕ್ಟರಮ್ಮ ಹಾಳೆಯ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಹೆಸರು ಓದಿದರು. ಪ್ರತಿ ಹೆಸರನ್ನೂ ಅವರೇ 'ಇನ್ನೂ ಬೇಡ' ಎಂದು ತಡೆದವರು. ಆಮೇಲೆ ಫೋನ್ ಎತ್ತಿ, "ಬಲಕೋಣೆ ಏಳನ್ನ ಈಗಲೇ ಬಿಡಿ. ಉಳಿದವರನ್ನ ನಾನೇ ಬಂದು ತೂಗ್ತೀನಿ," ಎಂದರು.

ನನ್ನ ಕಡೆ ತಿರುಗಿದರು. "ಬರಹದಲ್ಲಿ ಎಚ್ಚರಿಕೆ ಕೊಡಬೇಕಾಗುತ್ತೆ. ನಿಮ್ಮ ಕಡತದಲ್ಲಿ ಉಳಿಯುತ್ತೆ."

"ಕೊಡಿ ಮೇಡಂ."

"ಸಿಸ್ಟರ್, ನೀವು ಸೋಮವಾರ ಕಾಯಂ ಪತ್ರ ತಗೊಳ್ಳಿ."

ಹೊರಗೆ ಪಡಸಾಲೆಯಲ್ಲಿ ಅವಳ ಹಿಂದೆಯೇ ಹೋದೆ. ಅವಳು ನಿಲ್ಲುತ್ತಾಳೆ, ಹೋಗಲಿ ಬಿಡಿ ಅಕ್ಕ ಎನ್ನುತ್ತಾಳೆ, ನಾನು ಅವಳ ಕೈ ಹಿಡಿದುಕೊಳ್ಳುತ್ತೇನೆ ಎಂದೆಲ್ಲ ಅಂದುಕೊಂಡಿದ್ದೆ. ನಿಂತಳು, ನಿಜ.

"ಮೂರು ತಿಂಗಳು ನಿಮ್ಮ ಮೇಜಿನ ಮುಂದೆ ದಿನಾ ರಿಜಿಸ್ಟರ್ ಇಟ್ಟು ಹೋಗಿದ್ದೀನಿ," ಎಂದಳು. "ಒಂದು ಮಾತು ಕೇಳಬಹುದಿತ್ತು. ಇದನ್ನ ಹೇಗೆ ತೂಗ್ತೀಯಮ್ಮ ಅಂತ."

"ಕೇಳಬೇಕಿತ್ತು."

"ಸೀಸೆ ಹಾಲು ಯಾರದು ಅಂತಲೂ."

"ಅದನ್ನೂ."

ಅವಳು ಸರಸರ ನಡೆದು ಬಲಕೋಣೆ ಸೇರಿಕೊಂಡಳು. ಏಳನೇ ತೊಟ್ಟಿಲ ತಾಯಿ ಚೀಲ ಕಟ್ಟುತ್ತ ಯಾರನ್ನೋ ಫೋನಿನಲ್ಲಿ ಜೋರಾಗಿ ಕರೆಯುತ್ತಿದ್ದಳು. ನನ್ನನ್ನು ಕಂಡು ಮಗುವನ್ನು ಎತ್ತಿ ತೋರಿಸಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನಿಂದಲೇ ಬಿಡುಗಡೆಯಾಯಿತೆಂದು ತಿಳಿದು, "ದೇವರು ನಿಮ್ಮ ಮಕ್ಕಳನ್ನ ಚೆನ್ನಾಗಿಟ್ಟಿರಲಿ ಅಕ್ಕ," ಎಂದಳು. ಇದ್ದುದನ್ನು ಅವಳಿಗೂ ಹೇಳಿದೆ. ಆರು ದಿನ ತಡವಾದದ್ದು ನನ್ನಿಂದ ಎಂದೆ. ಅವಳ ನಗು ಹಾಗೇ ನಿಂತುಹೋಯಿತು. ಮಗುವನ್ನು ಎದೆಗೆ ಒತ್ತಿಕೊಂಡು ಚೀಲ ಎತ್ತಿಕೊಂಡಳು.

ಸರಸರ ಸಿಸ್ಟರು ಈಗ ನನ್ನನ್ನು ಅಕ್ಕ ಎನ್ನುವುದಿಲ್ಲ, ಮೇಡಂ ಎನ್ನುತ್ತಾಳೆ. ತೂಗುವ ಕ್ರಮ ಎರಡೂ ಕೋಣೆಗೆ ಒಂದೇ ಆಗಿದೆ, ದೊಡ್ಡ ಸಿಸ್ಟರು ಗೊಣಗುತ್ತಲೇ ಗುಂಡಿ ಒತ್ತಲು ಕಲಿತಿದ್ದಾರೆ. ಕಳೆಯುವ ಆ ಸಾಲನ್ನು ನಾನು ಅಳಿಸಿದ್ದೇನೆ. ಆದರೂ ದಿನಾ ಹನ್ನೊಂದು ಗಂಟೆಗೆ ಅವಳು ನನ್ನ ಮೇಜಿಗೆ ಬರುತ್ತಾಳೆ. ಕೂರುವುದಿಲ್ಲ. ನಾನು ಪರದೆಯನ್ನು ಅವಳ ಕಡೆ ತಿರುಗಿಸುತ್ತೇನೆ. ತನ್ನ ರಿಜಿಸ್ಟರಿನ ಮೇಲೆ ಒಂದು ಬೆರಳು, ಪರದೆಯ ಮೇಲೆ ಒಂದು ಬೆರಳು ಇಟ್ಟು ಹತ್ತೂ ಮಕ್ಕಳ ತೂಕವನ್ನು ಒಂದೊಂದಾಗಿ ತಾಳೆ ನೋಡುತ್ತಾಳೆ. ನಡುವೆ ಫೋನ್ ಬಂದರೆ ಮತ್ತೆ ಮೊದಲಿನಿಂದ. ಅವಳ ಬೆರಳು ಹತ್ತನೆಯ ಸಾಲು ಮುಟ್ಟುವವರೆಗೆ ನಾನು ಹಾಳೆಯನ್ನು ಡಾಕ್ಟರಮ್ಮನಿಗೆ ಕಳಿಸುವುದಿಲ್ಲ.